ಎಳೆಯ ಹುಡುಗರಿಂದ ತಂಡ ಕಟ್ಟುವುದು: ಹ್ಯೂಸ್ಟನ್ ಆಸ್ಟ್ರೋಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹ್ಯೂಸ್ಟನ್‌ಗೆ ಬಂದಿದ್ದು 2012ರಲ್ಲಿ. ಆ ವರ್ಷ ಇಲ್ಲಿನ ಬೇಸ್‌ಬಾಲ್ ತಂಡ ಆಸ್ಟ್ರೋಸ್ 107 ಪಂದ್ಯ ಸೋತಿತ್ತು. ಐದು ವರ್ಷ ಕಳೆದ ಮೇಲೆ ಅದೇ ತಂಡ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಬೇಸ್‌ಬಾಲ್‌ನ ಫೈನಲ್ ಸರಣಿ, ಗೆದ್ದಿತು. ಇಲ್ಲಿನ ಕನ್ನಡದವರು ಊಟಕ್ಕೆ ಸೇರಿದಾಗ, ಕ್ರಿಕೆಟ್ ಬಲ್ಲ ಗೆಳೆಯರು ಊರಿಂದ ಬಂದಾಗ, ಈ ಕಥೆ ಬಂದೇ ಬರುತ್ತದೆ. ಪ್ರಶ್ನೆಗಳೂ ಹೆಚ್ಚು ಕಡಿಮೆ ಅವೇ. ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ರೀಬಿಲ್ಡ್ ಅಂತಾರಲ್ಲ, ಹಾಗಂದರೆ ಏನು?

ಇರುವ ತಂಡದಿಂದ ಗೆಲ್ಲೋದು ಆಗಲ್ಲ ಅಂತ ಒಪ್ಪಿಕೊಂಡು, ಹೆಸರಿರುವ ಹಳೆಯ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟು, ಅವರ ಬದಲಿಗೆ ಇನ್ನೂ ಮೇಲಿನ ಮಟ್ಟದಲ್ಲಿ ಆಡದ ಹುಡುಗರನ್ನು ತೆಗೆದುಕೊಳ್ಳುವುದು. ಜೊತೆಗೆ ಹೈಸ್ಕೂಲು, ಕಾಲೇಜುಗಳಿಂದ ಹೊಸಬರನ್ನು ಆರಿಸಿ ಬೆಳೆಸುವುದು. ಇಂಥ ಹುಡುಗರಿಗೆ ಇಲ್ಲಿ ಪ್ರಾಸ್ಪೆಕ್ಟ್ ಅನ್ನುತ್ತಾರೆ. ಅವರು ಬೆಳೆಯುವ ಕೆಳಹಂತದ ತಂಡಗಳ ಸಾಲಿಗೆ ಫಾರ್ಮ್ ಅಂತ ಹೆಸರು. ನಮ್ಮ ಕಡೆ ಸಸಿಮಡಿ ಅನ್ನುತ್ತೇವಲ್ಲ, ಅದೇ. ಅಡಿಕೆ ಸಸಿ ನೆಟ್ಟವನು ಮಾರನೇ ವರ್ಷ ಗೊನೆ ಕೇಳಲ್ಲ. ಇಲ್ಲೂ ಅಷ್ಟೇ, ನಾಲ್ಕೈದು ವರ್ಷ ನೀರು ಹಾಯಿಸುತ್ತಾ ಕೂರಬೇಕು.

ಐಪಿಎಲ್ ಥರ ದುಡ್ಡು ಸುರಿದು ಕೊಂಡುಬಿಟ್ಟರೆ ಆಗಲ್ವಾ?

ಕೊಳ್ಳಬಹುದು. ಆದರೆ ಆಟಗಾರ ಮಾರುಕಟ್ಟೆಗೆ ಬರುವ ಹೊತ್ತಿಗೆ ಅವನಿಗೆ ಸಾಮಾನ್ಯವಾಗಿ 28, 30 ದಾಟಿರುತ್ತದೆ. ಯಾಕೆಂದರೆ ಮೇಜರ್ ಲೀಗ್‌ಗೆ, ಅಂದರೆ ಅತಿ ಮೇಲಿನ ಮಟ್ಟಕ್ಕೆ, ಬಂದ ಮೇಲೆ ಪೂರ್ತಿ ಆರು ವರ್ಷದ ಸೇವೆ ಮುಗಿಯುವವರೆಗೆ ಅವನು ಬೇರೆ ತಂಡದ ಜೊತೆ ಮಾತಾಡುವ ಹಾಗಿಲ್ಲ. ಮೊದಲ ಮೂರು ವರ್ಷ ಸುಮಾರಾಗಿ ಕನಿಷ್ಠ ಸಂಬಳಕ್ಕೇ ಆಡಬೇಕು. 2025ರಲ್ಲಿ ಅದು 7 ಲಕ್ಷ 60 ಸಾವಿರ ಡಾಲರ್ ಇತ್ತು. ನಮಗೆ ದೊಡ್ಡ ಮೊತ್ತ, ನಿಜ. ಆದರೆ ಅದೇ ಮಟ್ಟದ ಆಟಗಾರನನ್ನು ಮಾರುಕಟ್ಟೆಯಲ್ಲಿ ಹಿಡಿಯಬೇಕಾದರೆ ವರ್ಷಕ್ಕೆ ಎರಡು ಮೂರು ಕೋಟಿ ಡಾಲರ್ ಬೇಕು. ಅಂದರೆ ಒಳ್ಳೆಯ ಹುಡುಗನ ಅತಿ ಒಳ್ಳೆಯ ವರ್ಷಗಳು ತಂಡಕ್ಕೆ ಅಗ್ಗದಲ್ಲಿ ಸಿಗುತ್ತವೆ. ಇಡೀ ಲೆಕ್ಕ ನಿಂತಿರುವುದು ಇದರ ಮೇಲೇ.

ಇದರಲ್ಲಿ ಹುಡುಗರಿಗೆ ಅನ್ಯಾಯವೂ ಆಗುತ್ತದೆ. ಒಂದು ವರ್ಷದ ಸೇವೆ ಅಂದರೆ ಮೇಲಿನ ಮಟ್ಟದಲ್ಲಿ 172 ದಿನ. 2015ರಲ್ಲಿ ಶಿಕಾಗೋ ಕಬ್ಸ್ ತಂಡ ಕ್ರಿಸ್ ಬ್ರಯಂಟ್ ಅನ್ನುವ ಹೊಸ ಹುಡುಗನನ್ನು ಏಪ್ರಿಲ್ 17ರವರೆಗೆ ಕೆಳಹಂತದ ತಂಡದಲ್ಲೇ ಇಟ್ಟುಕೊಂಡಿತು. ಆ ವರ್ಷ ಅವನ ಲೆಕ್ಕಕ್ಕೆ ಬಂದದ್ದು 171 ದಿನ! ಒಂದೇ ಒಂದು ದಿನ ಕಡಿಮೆ, ತಂಡಕ್ಕೆ ಒಂದು ವರ್ಷ ಜಾಸ್ತಿ. ಅವನು ದೂರು ಕೊಟ್ಟ, 2020ರಲ್ಲಿ ಸೋತ. ನನಗೆ ಅದು ಇವತ್ತಿಗೂ ಸರಿ ಅನ್ನಿಸುವುದಿಲ್ಲ. 2022ರ ಒಪ್ಪಂದದಲ್ಲಿ ಇದಕ್ಕೆ ಸ್ವಲ್ಪ ಮದ್ದು ಹುಡುಕಿದ್ದಾರೆ. ಹೊಸಬರ ಪ್ರಶಸ್ತಿಯಲ್ಲಿ ಮೊದಲ ಎರಡು ಸ್ಥಾನದಲ್ಲಿ ಬಂದವನಿಗೆ ಪೂರ್ತಿ ವರ್ಷದ ಸೇವೆ ಸಿಗುತ್ತದೆ.

ಡ್ರಾಫ್ಟ್ ಹೇಗೆ ನಡೆಯುತ್ತದೆ?

ಹೈಸ್ಕೂಲು, ಕಾಲೇಜುಗಳ ಹೊಸಬರನ್ನು ಆರಿಸುವುದಕ್ಕೆ ಡ್ರಾಫ್ಟ್ ಅಂತ ಹೆಸರು. ಇದು ಹರಾಜಲ್ಲ, ಸರದಿ. ತಂಡಗಳು ಒಂದಾದ ಮೇಲೊಂದು ಹೆಸರು ಕರೆಯುತ್ತವೆ. ಎಲ್ಲರದೂ ಒಮ್ಮೆ ಮುಗಿದರೆ ಒಂದು ಸುತ್ತು. ಯಾರು ಕರೆದರೋ ಅವರ ಜೊತೆ ಮಾತ್ರ ಹುಡುಗ ಮಾತಾಡಬೇಕು. ಆಸ್ಟ್ರೋಸ್ ಕಾಲದಲ್ಲಿ ನಿಯಮ ನೇರವಾಗಿತ್ತು, ಹಿಂದಿನ ವರ್ಷ ಅತಿ ಹೆಚ್ಚು ಸೋತವರಿಗೆ ಮೊದಲ ಸರದಿ. ಈಗ ಬದಲಾಗಿದೆ, ಅದನ್ನು ಆಮೇಲೆ ಹೇಳುತ್ತೇನೆ. ಅಮೆರಿಕ, ಕೆನಡಾ, ಪೋರ್ಟೊರಿಕೊ ಹುಡುಗರಿಗೆ ಮಾತ್ರ ಈ ಡ್ರಾಫ್ಟ್. ವೆನೆಜುವೆಲಾ, ಡೊಮಿನಿಕನ್ ರಿಪಬ್ಲಿಕ್ ಕಡೆಯವರನ್ನು ತಂಡಗಳು ನೇರವಾಗಿ ಸಹಿ ಮಾಡಿಸಿಕೊಳ್ಳುತ್ತವೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಸ್ಟ್ರೋಸ್ ಎಷ್ಟು ಕೆಟ್ಟದಾಗಿ ಆಡುತ್ತಿತ್ತು?

ವರ್ಷಕ್ಕೆ 162 ಪಂದ್ಯ. 2011ರಲ್ಲಿ 106 ಸೋಲು, 2012ರಲ್ಲಿ 107, 2013ರಲ್ಲಿ 111. 2013ರ ಕೊನೆಯ 15 ಪಂದ್ಯ ಸಾಲಾಗಿ ಸೋತರು. ಆ ಸೆಪ್ಟೆಂಬರ್‌ನ ಒಂದು ಪಂದ್ಯಕ್ಕೆ ಹ್ಯೂಸ್ಟನ್‌ನ ಟಿವಿ ರೇಟಿಂಗ್ 0.0 ಬಂದಿತ್ತು.

ಆ ವರ್ಷ ಒಂದು ವಾರದ ದಿನ ಸಂಜೆ ನಾನು ಸ್ಟೇಡಿಯಂಗೆ ಹೋಗಿದ್ದೆ. ಅತಿ ಅಗ್ಗದ ಟಿಕೆಟ್ ತೆಗೆದುಕೊಂಡು ಮೇಲಿನ ಅಂತಸ್ತಿನಲ್ಲಿ ಕೂತೆ. ನನ್ನ ಸಾಲಿನಲ್ಲಿ ನಾನೊಬ್ಬನೇ. ಯಾರಾದರೂ ಎದ್ದರೆ ಸೀಟು ಪಟ್ ಅಂತ ಮಡಚಿಕೊಳ್ಳುವ ಸದ್ದು ಎಲ್ಲಿಂದಲೋ ಕೇಳುತ್ತಿತ್ತು. ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬಡಿಯುವ ಸದ್ದು ಅಷ್ಟು ಎತ್ತರಕ್ಕೂ ಸ್ಪಷ್ಟವಾಗಿ ಬರುತ್ತಿತ್ತು. ಐದನೇ ಇನಿಂಗ್ಸ್ ಮುಗಿದ ಮೇಲೆ (ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಚಿಕ್ಕ ಇನಿಂಗ್ಸ್) ಅಲ್ಲಿನ ಕೆಲಸದವರೊಬ್ಬರು ಬಂದು, ಬೇಕಾದರೆ ಕೆಳಗೆ ಹೋಗಿ ಕೂತ್ಕೊಳ್ಳಿ, ಯಾರೂ ಬರಲ್ಲ ಅಂದರು. ಹೋಗಿ ಕೂತೆ. ಎರಡನೇ ಬೇಸ್ ಹತ್ತಿರ ಒಬ್ಬ ಗಿಡ್ಡ ಹುಡುಗ, ಹತ್ತಾರು ರನ್ ಹಿಂದೆ ಬಿದ್ದ ತಂಡದಲ್ಲಿದ್ದರೂ, ಪ್ರತಿ ಚೆಂಡಿಗೆ ಮುಂಗಾಲಿನ ಮೇಲೆ ಬಾಗಿ ನಿಲ್ಲುತ್ತಿದ್ದ. ಹೊಸೆ ಅಲ್ಟುವೆ. ಅವತ್ತಿಂದ ನಾನು ಈ ತಂಡದವನಾದೆ.

ಬೇಕು ಅಂತಲೇ ಸೋತರಾ?

ಮೈದಾನದಲ್ಲಿದ್ದ ಹುಡುಗರು ಯಾರೂ ಸೋಲಲು ಆಡಲಿಲ್ಲ. ಆದರೆ ಆಫೀಸಿನಲ್ಲಿ ಕೂತವರಿಗೆ ಸೋಲು ಬರುತ್ತದೆ ಅಂತ ಗೊತ್ತಿತ್ತು, ಅದನ್ನು ತಡೆಯಲು ಅವರು ದುಡ್ಡು ಖರ್ಚು ಮಾಡಲಿಲ್ಲ. 2011ರ ಕೊನೆಯಲ್ಲಿ ಜಿಮ್ ಕ್ರೇನ್ ತಂಡ ಕೊಂಡರು, ಡಿಸೆಂಬರ್‌ನಲ್ಲಿ ಜೆಫ್ ಲೂನೋ ಜನರಲ್ ಮ್ಯಾನೇಜರ್ ಆದರು. 2013ರಲ್ಲಿ ಇಡೀ ತಂಡದ ಸಂಬಳ 3 ಕೋಟಿ ಡಾಲರ್‌ಗಿಂತ ಕಡಿಮೆ, ಲೀಗ್‌ನಲ್ಲೇ ಕನಿಷ್ಠ. ಟಿಕೆಟ್ ಕೊಂಡು ಬಂದವರಿಗೆ ಅದು ಮೋಸ ಅನ್ನಿಸಿದ್ದರೆ ಅವರನ್ನು ನಾನು ತಪ್ಪು ಅನ್ನುವುದಿಲ್ಲ.

ಆದರೆ ಒಂದು ಮಾತು. ಸೋತಿದ್ದರಿಂದಲೇ ಆಸ್ಟ್ರೋಸ್ ಗೆದ್ದಿತು ಅಂತ ಬಹಳ ಜನ ನಂಬಿದ್ದಾರೆ. ಅದು ಅರ್ಧ ಸತ್ಯ. ಯಾಕೆ ಅಂತ ಮುಂದಿನ ಮೂರು ಪ್ರಶ್ನೆಗಳಲ್ಲಿದೆ.

2012ರಲ್ಲಿ ಕಾರ್ಲೋಸ್ ಕೊರಿಯಾನನ್ನು ಯಾಕೆ ಮೊದಲು ಆರಿಸಿದರು?

ನನ್ನ ಪ್ರಕಾರ ಈ ಕಥೆಯಲ್ಲೇ ಅತಿ ಜಾಣತನದ ದಿನ ಅದು. ಆ ವರ್ಷ ಹೊಸ ನಿಯಮ ಬಂದಿತ್ತು. ಪ್ರತಿ ಸರದಿಗೂ ಇಷ್ಟು ಬೋನಸ್ (ಸಹಿ ಹಾಕಿದ್ದಕ್ಕೆ ಹುಡುಗನಿಗೆ ಕೊಡುವ ಹಣ) ಅಂತ ಒಂದು ಅಂದಾಜು ಬೆಲೆ, ಮೊದಲ ಹತ್ತು ಸುತ್ತಿನ ಸರದಿಗಳ ಬೆಲೆ ಎಲ್ಲ ಕೂಡಿಸಿದರೆ ತಂಡದ ಒಟ್ಟು ಗಂಟು. ಒಬ್ಬನಿಗೆ ಕಡಿಮೆ ಕೊಟ್ಟರೆ ಉಳಿದದ್ದನ್ನು ಇನ್ನೊಬ್ಬನಿಗೆ ಕೊಡಬಹುದು.

ಮೊದಲ ಸರದಿಯ ಬೆಲೆ 72 ಲಕ್ಷ ಡಾಲರ್. ಎಲ್ಲರೂ ಬೇರೆ ದೊಡ್ಡ ಹೆಸರುಗಳನ್ನು ನಿರೀಕ್ಷಿಸುತ್ತಿದ್ದರು. ಆಸ್ಟ್ರೋಸ್ ಕರೆದದ್ದು ಪೋರ್ಟೊರಿಕೊದ 17 ವರ್ಷದ ಕೊರಿಯಾ ಹೆಸರು. ಅವನು 48 ಲಕ್ಷಕ್ಕೆ ಒಪ್ಪಿದ. ಕೈಯಲ್ಲಿ 24 ಲಕ್ಷ ಉಳಿಯಿತು. ಆ ಹಣ ಇದ್ದದ್ದರಿಂದ 41ನೇ ಸರದಿಯಲ್ಲಿ ಲ್ಯಾನ್ಸ್ ಮೆಕಲರ್ಸ್ ಜೂನಿಯರ್‌ಗೆ 25 ಲಕ್ಷ ಕೊಡಲು ಆಯಿತು. ಜಾಸ್ತಿ ಹಣ ಕೇಳುತ್ತಾನೆ ಅಂತ ಹೆದರಿ ಬೇರೆ ತಂಡಗಳು ಅವನನ್ನು ಬಿಟ್ಟಿದ್ದವು.

ಅದರ ಫಲ ಕಂಡದ್ದು 2017ರ ಅಕ್ಟೋಬರ್‌ನಲ್ಲಿ. ವರ್ಲ್ಡ್ ಸೀರೀಸ್‌ಗೆ ಹೋಗಲು ನ್ಯೂಯಾರ್ಕ್ ಯಾಂಕೀಸ್ ವಿರುದ್ಧದ ಸರಣಿಯ ಏಳನೇ, ಕೊನೆಯ ಪಂದ್ಯ. ಕೊನೆಯ ನಾಲ್ಕು ಇನಿಂಗ್ಸ್ ಮೆಕಲರ್ಸ್ ಕೈಗೆ ಬಂತು. ಕೊನೆಯ 24 ಎಸೆತ ಅವನು ಹಾಕಿದ್ದು ಬರೀ ಕರ್ವ್‌ಬಾಲ್, ಗಾಳಿಯಲ್ಲಿ ಬಾಗಿ ಇಳಿಯುವ ಚೆಂಡು. ನಮ್ಮ ಕಡೆ ಹೇಳುವುದಾದರೆ, ಲೆಗ್‌ಸ್ಪಿನ್ನರ್ ಒಬ್ಬ ಫೈನಲ್ ಪಂದ್ಯದಲ್ಲಿ ನಾಲ್ಕು ಓವರ್ ಬರೀ ಗೂಗ್ಲಿ ಹಾಕಿದ ಹಾಗೆ. ಬ್ಯಾಟ್ಸ್‌ಮನ್‌ಗೂ ಗೊತ್ತು ಅದೇ ಬರುತ್ತದೆ ಅಂತ, ಆದರೂ ಹೊಡೆಯಲು ಆಗಲಿಲ್ಲ. ನಾನು ಆವತ್ತು ಸೋಫಾದ ಮೇಲೆ ಕೂರಲಾರದೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ದೆ.

ಮೊದಲ ಸರದಿ ಸಿಕ್ಕರೆ ಸ್ಟಾರ್ ಗ್ಯಾರಂಟಿನಾ?

ಖಂಡಿತ ಇಲ್ಲ. ಆಸ್ಟ್ರೋಸ್‌ಗೆ ಸಾಲಾಗಿ ಮೂರು ವರ್ಷ ಮೊದಲ ಸರದಿ ಸಿಕ್ಕಿತು. 2012ರದ್ದು ಕೊರಿಯಾ. 2013ರಲ್ಲಿ ಸ್ಟ್ಯಾನ್‌ಫರ್ಡ್‌ನ ಪಿಚರ್ (ಚೆಂಡು ಎಸೆಯುವವನು) ಮಾರ್ಕ್ ಅಪೆಲ್. ಅವನು ಆಸ್ಟ್ರೋಸ್‌ಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಅವನ ಹಿಂದೆಯೇ, ಎರಡನೇ ಸರದಿಯಲ್ಲಿ, ಕಬ್ಸ್ ಆರಿಸಿದ್ದು ಕ್ರಿಸ್ ಬ್ರಯಂಟ್‌ನನ್ನು. ಅವನು 2016ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಾದ. ಅಪೆಲ್ 2018ರಲ್ಲಿ ಆಟವನ್ನೇ ಬಿಟ್ಟಿದ್ದ. ಆಮೇಲೆ ಮರಳಿ ಬಂದು 2022ರಲ್ಲಿ, 30ನೇ ವಯಸ್ಸಿನಲ್ಲಿ, ಫಿಲಡೆಲ್ಫಿಯಾ ಪರ ಮೊದಲ ಸಲ ಮೇಜರ್ ಲೀಗ್‌ನಲ್ಲಿ ಎಸೆದ. ಆ ರಾತ್ರಿ ನನಗೆ ತುಂಬಾ ಸಂತೋಷವಾಗಿತ್ತು.

2014ರದ್ದು ಬ್ರೇಡಿ ಐಕನ್. ಪರೀಕ್ಷೆಯಲ್ಲಿ ಮೊಣಕೈ ಬಗ್ಗೆ ಅನುಮಾನ ಬಂತು, ತಂಡ ಬೋನಸ್ ಇಳಿಸಿತು, ಹುಡುಗ ಸಹಿ ಹಾಕಲಿಲ್ಲ. ಊರೆಲ್ಲ ಬೈದಿತು. ಮಾರನೇ ವರ್ಷವೇ ಅವನ ಮೊಣಕೈಗೆ ಶಸ್ತ್ರಚಿಕಿತ್ಸೆ ಆಯಿತು. ಸಹಿ ಆಗದ್ದಕ್ಕೆ ಪರಿಹಾರವಾಗಿ ಆಸ್ಟ್ರೋಸ್‌ಗೆ 2015ರಲ್ಲಿ ಎರಡನೇ ಸರದಿ ಸಿಕ್ಕಿತು. ಅದರಲ್ಲಿ ಬಂದವನು ಅಲೆಕ್ಸ್ ಬ್ರೆಗ್ಮನ್. 2017ರ ವರ್ಲ್ಡ್ ಸೀರೀಸ್ ಐದನೇ ಪಂದ್ಯವನ್ನು ಹತ್ತನೇ ಇನಿಂಗ್ಸ್‌ನಲ್ಲಿ 13-12ಕ್ಕೆ ಮುಗಿಸಿದ ಹೊಡೆತ ಅವನದೇ.

"ಬೆಳೆಯುವ ಸಿರಿ ಮೊಳಕೆಯಲ್ಲಿ" ಅನ್ನುತ್ತೇವೆ. ಬೇಸ್‌ಬಾಲ್‌ನಲ್ಲಿ ಮೊಳಕೆ ನೋಡಿ ಹೇಳುವುದು ಅಷ್ಟು ಸುಲಭ ಅಲ್ಲ. ಅದಕ್ಕೇ ಒಂದು ಸಸಿ ಸಾಕಾಗಲ್ಲ, ಮಡಿ ತುಂಬಾ ಬೇಕು.

ಹಾಗಾದರೆ ಗೆದ್ದ ತಂಡ ಬಂದದ್ದು ಎಲ್ಲಿಂದ?

ಇದನ್ನು ಯಾರೂ ಕೇಳುವುದೇ ಇಲ್ಲ, ಅದಕ್ಕೆ ನಾನೇ ಸೇರಿಸಿದ್ದೇನೆ.

ಅಲ್ಟುವೆ ವೆನೆಜುವೆಲಾದವನು. ಎತ್ತರ 5 ಅಡಿ 6 ಇಂಚು. ಆಯ್ಕೆಗೆ ಹೋದಾಗ ಮೊದಲ ದಿನ ಚಿಕ್ಕವನು ಅಂತ ವಾಪಸ್ ಕಳಿಸಿದರು. ಮಾರನೇ ದಿನ ಮತ್ತೆ ಹೋದ. 2007ರಲ್ಲಿ 15 ಸಾವಿರ ಡಾಲರ್‌ಗೆ ಸಹಿ ಆಯಿತು. ಲಕ್ಷ ಅಲ್ಲ, ಸಾವಿರ. 2017ರಲ್ಲಿ ಅವನೇ ಲೀಗ್‌ನ ಅತ್ಯುತ್ತಮ ಆಟಗಾರ. ಡಲಾಸ್ ಕೈಕಲ್ 2009ರ ಏಳನೇ ಸುತ್ತಿನಲ್ಲಿ ಬಂದ ಪಿಚರ್, 2015ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. 2017ರ ವರ್ಲ್ಡ್ ಸೀರೀಸ್‌ನ ಅತ್ಯುತ್ತಮ ಆಟಗಾರ ಜಾರ್ಜ್ ಸ್ಪ್ರಿಂಗರ್ 2011ರಲ್ಲಿ 11ನೇ ಸರದಿಯಲ್ಲಿ ಸಿಕ್ಕವನು.

ಈ ಮೂವರೂ ಲೂನೋ ಬರುವ ಮೊದಲೇ ತಂಡದಲ್ಲಿದ್ದರು. 100 ಪಂದ್ಯ ಸೋತು ಗಳಿಸಿದವರಲ್ಲ. ಹಳೆಯ ಸ್ಕೌಟ್‌ಗಳು ಊರೂರು ಅಲೆದು ಹುಡುಕಿ ತಂದವರು. ಹೊಸ ಆಡಳಿತದ ಲೆಕ್ಕಾಚಾರವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಆ ಸ್ಕೌಟ್‌ಗಳ ಪಾಲನ್ನು ಮರೆಯಬಾರದು. ಸೋಲು ಕೊಡುವುದು ಒಂದು ಸರದಿ ಮಾತ್ರ. ಹುಡುಕುವುದು, ಬೆಳೆಸುವುದು ಬೇರೆ ಕೆಲಸ.

ಮೈನರ್ ಲೀಗ್ ಅಂದರೆ ರಣಜಿ ಥರಾನಾ?

ಪೂರ್ತಿ ಅಲ್ಲ. ರಣಜಿಯಲ್ಲಿ ರಾಜ್ಯಕ್ಕೆ ಆಡುತ್ತಾರೆ, ಟ್ರೋಫಿಗೆ ಅದರದೇ ಗೌರವ ಇದೆ. ಮೈನರ್ ಲೀಗ್ ತಂಡ ಮೇಲಿನ ತಂಡದ ತರಬೇತಿಗಾಗಿಯೇ ಇರುವುದು. 2021ರಿಂದ 30 ಮೇಜರ್ ಲೀಗ್ ತಂಡಗಳಿಗೂ ತಲಾ ನಾಲ್ಕು ಹಂತ: ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಅದರ ಕೆಳಗೆ ಇನ್ನೂ ಎಳೆಯರಿಗೆ ತರಬೇತಿ ಶಿಬಿರದ ಲೀಗ್.

ಆಸ್ಟ್ರೋಸ್‌ನ ಟ್ರಿಪಲ್ ಎ ತಂಡ ಆಡುವುದು ಶುಗರ್‌ಲ್ಯಾಂಡ್‌ನಲ್ಲಿ. ಇಲ್ಲಿನ ನಮ್ಮವರು ಬಹಳಷ್ಟು ಜನ ಇರುವ ಊರೇ ಅದು. ಹ್ಯೂಸ್ಟನ್ ಕಡೆ ಬಂದರೆ ಒಂದು ಸಂಜೆ ಹೋಗಿ, ಆಟ ಶುರುವಾಗುವ ಒಂದೂವರೆ ಗಂಟೆ ಮೊದಲೇ ಹೋಗಿ. ಕೋಚ್ ಒಬ್ಬರು ಮಂಡಿಯೂರಿ ಕೂತು ನೆಲದ ಮೇಲೆ ಚೆಂಡು ಉರುಳಿಸುತ್ತಿರುತ್ತಾರೆ. ಎದುರಿಗೆ ಹುಡುಗ ಬಾಗಿ ಹಿಡಿಯುತ್ತಾನೆ, ಬಕೆಟ್‌ಗೆ ಹಾಕುತ್ತಾನೆ, ಮತ್ತೆ ಬಾಗುತ್ತಾನೆ. ಎಡಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು. ಬಕೆಟ್ ತುಂಬಿದ ಮೇಲೆ ಚೆಂಡುಗಳನ್ನು ಸುರಿದು ಮತ್ತೆ ಮೊದಲಿಂದ. ಟೆಕ್ಸಸ್‌ನ ಆಗಸ್ಟ್ ಬಿಸಿಲಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿರುತ್ತದೆ. ತಂಡ ಕಟ್ಟುವುದು ಅಂದರೆ ನನ್ನ ಕಣ್ಣಿಗೆ ಬರುವುದು ಆ ಬಕೆಟ್ಟೇ.

ಸಂಬಳ ಮೊದಲು ತೀರಾ ಕಡಿಮೆ ಇತ್ತು. ಆಟಗಾರರು ಸಂಘ ಸೇರಿದ ಮೇಲೆ, 2023ರ ಒಪ್ಪಂದದಲ್ಲಿ, ಟ್ರಿಪಲ್ ಎ ಕನಿಷ್ಠ ವರ್ಷಕ್ಕೆ 35,800 ಡಾಲರ್ ಆಯಿತು. ಬಹಳ ಹಿಂದೆಯೇ ಆಗಬೇಕಿತ್ತು.

ಹುಡುಗ ತಯಾರಾಗಿದ್ದಾನೆ ಅಂತ ಹೇಗೆ ಗೊತ್ತಾಗುತ್ತದೆ?

ಸ್ಕೌಟ್‌ಗಳು 20ರಿಂದ 80ರವರೆಗೆ ಅಂಕ ಕೊಡುತ್ತಾರೆ. 50 ಅಂದರೆ ಮೇಜರ್ ಲೀಗ್‌ನ ಸರಾಸರಿ. ಹೊಡೆತ, ಬಲ, ಓಟ, ಫೀಲ್ಡಿಂಗ್, ಎಸೆತ, ಈ ಐದಕ್ಕೂ ಬೇರೆ ಬೇರೆ ಅಂಕ. ಈಗ ಅದರ ಜೊತೆ ಕ್ಯಾಮೆರಾ, ರಾಡಾರ್ ಬಂದಿವೆ, ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಅನ್ನುವುದೂ ಗೊತ್ತಾಗುತ್ತದೆ. ಇಷ್ಟಾದರೂ ತಪ್ಪಾಗುತ್ತದೆ. 2014ರ ಮಾರ್ಚ್‌ನಲ್ಲಿ ಆಸ್ಟ್ರೋಸ್ ಜೆ.ಡಿ. ಮಾರ್ಟಿನೆಜ್‌ನನ್ನು ಸುಮ್ನೆ ಬಿಟ್ಟುಬಿಟ್ಟಿತು. ಅವನು ಆಗಲೇ ತನ್ನ ಬ್ಯಾಟಿಂಗ್ ಶೈಲಿ ಬದಲಿಸಿಕೊಂಡಿದ್ದ. ಅದೇ ವರ್ಷ ಡೆಟ್ರಾಯಿಟ್‌ನಲ್ಲಿ ಮಿಂಚಿದ, ಮುಂದೆ ದೊಡ್ಡ ಬ್ಯಾಟರ್ ಆದ.

ಬೆಳೆಸಿದ ಹುಡುಗರನ್ನು ಮತ್ತೆ ಯಾಕೆ ಕೊಟ್ಟುಬಿಡುತ್ತಾರೆ?

ಎಲ್ಲರಿಗೂ ಜಾಗ ಇರಲ್ಲ, ಗೆಲ್ಲುವ ಗಳಿಗೆಯೂ ಕಾಯಲ್ಲ. 2017ರ ಆಗಸ್ಟ್ ಕೊನೆಯಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ ಮುಳುಗಿಸಿತ್ತು. ತಂಡ ತನ್ನ ಮನೆ ಪಂದ್ಯಗಳನ್ನೇ ಫ್ಲಾರಿಡಾದಲ್ಲಿ ಆಡಬೇಕಾಯಿತು. ಆಗಸ್ಟ್ 31ರ ಮಧ್ಯರಾತ್ರಿ ಗಡುವಿಗೆ ಕೆಲವೇ ಕ್ಷಣ ಇದ್ದಾಗ ಮೂವರು ಪ್ರಾಸ್ಪೆಕ್ಟ್‌ಗಳನ್ನು ಡೆಟ್ರಾಯಿಟ್‌ಗೆ ಕೊಟ್ಟು ಹೆಸರಾಂತ ಪಿಚರ್ ಜಸ್ಟಿನ್ ವರ್ಲ್ಯಾಂಡರ್‌ನನ್ನು ತಂದರು. ಮನೆಯೊಳಗಿನ ಒದ್ದೆ ಕಾರ್ಪೆಟ್ ಕಿತ್ತು ಹೊರಗೆ ಹಾಕುತ್ತಿದ್ದ ನಮಗೆ ಆ ಸುದ್ದಿ ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲಾರೆ. ಸಸಿ ಉಳಿಸಿಕೊಳ್ಳುವುದು ಎಷ್ಟು ಮುಖ್ಯವೋ, ಯಾವಾಗ ಬಿಡಬೇಕು ಅಂತ ತಿಳಿಯುವುದೂ ಅಷ್ಟೇ ಮುಖ್ಯ.

ಆದರೆ ಅವರು ಕಳ್ಳಾಟ ಆಡಿದ್ರಲ್ಲ?

ಹೌದು. ಯಾವ ಚೆಂಡು ಹಾಕಬೇಕು ಅಂತ ಕ್ಯಾಚರ್ ಪಿಚರ್‌ಗೆ ಕೈಸನ್ನೆ ಮಾಡುತ್ತಾನೆ. 2017ರಲ್ಲಿ ಕ್ಯಾಮೆರಾ ಮೂಲಕ ಎದುರಾಳಿ ಕ್ಯಾಚರ್‌ನ ಆ ಸನ್ನೆ ನೋಡಿ, ಕಸದ ಡಬ್ಬ ಬಡಿದು ತಮ್ಮ ಬ್ಯಾಟರ್‌ಗೆ ತಿಳಿಸುತ್ತಿದ್ದರು. 2020ರ ಜನವರಿಯಲ್ಲಿ ಲೀಗ್ ಶಿಕ್ಷೆ ಕೊಟ್ಟಿತು. 50 ಲಕ್ಷ ಡಾಲರ್ ದಂಡ, 2020 ಮತ್ತು 2021ರ ಡ್ರಾಫ್ಟ್‌ನ ಮೊದಲೆರಡು ಸುತ್ತು ರದ್ದು. ಲೂನೋ ಮತ್ತು ಮ್ಯಾನೇಜರ್ ಎ.ಜೆ. ಹಿಂಚ್‌ಗೆ ಒಂದು ವರ್ಷ ನಿಷೇಧ. ಅದೇ ದಿನ ಕ್ರೇನ್ ಇಬ್ಬರನ್ನೂ ಕೆಲಸದಿಂದ ತೆಗೆದರು. ತಂಡದ ಅಭಿಮಾನಿಯಾಗಿ ನನಗೆ ನಾಚಿಕೆಯಾಯಿತು, ಇವತ್ತಿಗೂ ಆ ಟ್ರೋಫಿ ನೋಡಿದರೆ ಮನಸ್ಸು ಪೂರ್ತಿ ಅರಳುವುದಿಲ್ಲ.

ಆದರೆ ಹುಡುಗರನ್ನು ಬೆಳೆಸಿದ್ದು ಸುಳ್ಳಲ್ಲ. ಡ್ರಾಫ್ಟ್ ಕಳೆದುಕೊಂಡ ಮೇಲೂ 2022ರಲ್ಲಿ ಮತ್ತೆ ವರ್ಲ್ಡ್ ಸೀರೀಸ್ ಗೆದ್ದರು. ಆ ಸರಣಿಯ ನಾಲ್ಕನೇ ಪಂದ್ಯದಲ್ಲಿ ಎದುರಾಳಿಗೆ ಒಂದು ಹಿಟ್ ಕೂಡ (ಬೇಸ್ ತಲುಪಿಸುವ ಹೊಡೆತ) ಸಿಗಲಿಲ್ಲ, ಅದರಲ್ಲಿ ಮೊದಲ ಆರು ಇನಿಂಗ್ಸ್ ಎಸೆದವನು ಕ್ರಿಸ್ಟಿಯನ್ ಹವಿಯರ್. ಕೊನೆಯ ಪಂದ್ಯ ಗೆಲ್ಲಿಸಿದ ಪಿಚರ್ ಫ್ರಾಂಬರ್ ವಾಲ್ಡೆಸ್. ಇಬ್ಬರೂ ಡೊಮಿನಿಕನ್ ಹುಡುಗರು, ತಲಾ 10 ಸಾವಿರ ಡಾಲರ್‌ಗೆ ಸಹಿ ಮಾಡಿದವರು. ಕೊರಿಯಾ ಬಿಟ್ಟುಹೋದ ಜಾಗಕ್ಕೆ ಬಂದ ಜೆರೆಮಿ ಪೆನ್ಯಾ ಮೂರನೇ ಸುತ್ತಿನ ಆಯ್ಕೆ. ಸರಣಿಯ ಅತ್ಯುತ್ತಮ ಆಟಗಾರ ಅವನೇ.

ಬೇರೆ ತಂಡಗಳಿಗೂ ಇದು ಕೈ ಹಿಡಿಯಿತಾ?

ಕೆಲವರಿಗೆ. ಕಬ್ಸ್ 2012ರಲ್ಲಿ 101 ಸೋತು, 2016ರಲ್ಲಿ ಗೆದ್ದಿತು. 1908ರ ನಂತರ ಮೊದಲ ಸಲ. ಆಸ್ಟ್ರೋಸ್ ಆಫೀಸಿನಿಂದಲೇ ಹೋದ ಮೈಕ್ ಇಲಿಯಾಸ್ ಬಾಲ್ಟಿಮೋರ್ ಓರಿಯೋಲ್ಸ್ ಕಟ್ಟಲು ಹೊರಟರು. 2021ರಲ್ಲಿ 110 ಸೋಲು, 2023ರಲ್ಲಿ 101 ಗೆಲುವು. ಆ ತಂಡದ ಮುಖ್ಯ ಆಟಗಾರರಾದ ಆಡ್ಲಿ ರಚ್‌ಮನ್, ಗನ್ನರ್ ಹೆಂಡರ್ಸನ್ ಇಬ್ಬರೂ 2019ರ ಒಂದೇ ಡ್ರಾಫ್ಟ್‌ನವರು. ಆದರೆ ಪ್ಲೇಆಫ್‌ನಲ್ಲಿ (ವರ್ಷದ ಕೊನೆಯ ನಾಕೌಟ್ ಸರಣಿಗಳು) 2023ರಲ್ಲೂ 2024ರಲ್ಲೂ ಒಂದು ಪಂದ್ಯ ಗೆಲ್ಲಲಿಲ್ಲ. 2025ರಲ್ಲಿ ಮತ್ತೆ 87 ಸೋಲು. ಹುಡುಗರು ಸಿಕ್ಕಿದರು, ಪಿಚಿಂಗ್‌ಗೆ ಖರ್ಚು ಮಾಡಬೇಕಾದ ಹೊತ್ತಲ್ಲಿ ಕೈ ಬಿಗಿ ಹಿಡಿದರು ಅನ್ನುವುದು ನನ್ನ ಅಭಿಪ್ರಾಯ.

ಶಿಕಾಗೋ ವೈಟ್ ಸಾಕ್ಸ್ ನೆನೆದರೆ ಬೇಜಾರಾಗುತ್ತದೆ. 2016ರ ಕೊನೆಯಲ್ಲಿ ದೊಡ್ಡ ಪಿಚರ್ ಕ್ರಿಸ್ ಸೇಲ್‌ನನ್ನು ಕೊಟ್ಟು ಎಲ್ಲರೂ ಮೆಚ್ಚುವ ಹುಡುಗರನ್ನು ಕೂಡಿಸಿದರು. 2020, 2021ರಲ್ಲಿ ಪ್ಲೇಆಫ್ ತಲುಪಿದರು, ಅಷ್ಟೇ. 2024ರಲ್ಲಿ 121 ಸೋಲು!

ಈಗಲೂ ಸೋತು ಮೊದಲ ಸರದಿ ಪಡೆಯಬಹುದಾ?

ಅಷ್ಟು ಸುಲಭ ಅಲ್ಲ. 2023ರ ಡ್ರಾಫ್ಟ್‌ನಿಂದ ಮೊದಲ ಆರು ಸರದಿಗೆ ಲಾಟರಿ. ಸತತವಾಗಿ ಲಾಟರಿ ಸರದಿ ಪಡೆಯಲೂ ಮಿತಿ ಇದೆ. 121 ಸೋತ ವೈಟ್ ಸಾಕ್ಸ್‌ಗೆ ಆ ಮಿತಿಯಿಂದಾಗಿ 2025ರಲ್ಲಿ ಸಿಕ್ಕಿದ್ದು ಹತ್ತನೇ ಸರದಿ. ಒಳ್ಳೆಯ ನಿಯಮ.

ಭಾರತದ ಹುಡುಗರು ಯಾರಾದರೂ?

ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ಟಿವಿ ಸ್ಪರ್ಧೆಯೊಂದರಿಂದ ಬೆಳಕಿಗೆ ಬಂದು 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದರು. ಮೇಜರ್ ಲೀಗ್ ತಲುಪಲಿಲ್ಲ. ಇಲ್ಲಿನ ಟೆಕ್ಸಸ್ ರೇಂಜರ್ಸ್‌ನ ಪಿಚರ್ ಕುಮಾರ್ ರಾಕರ್ ತಾಯಿಯ ಕಡೆಯಿಂದ ಭಾರತ ಮೂಲದವನು. 2022ರಲ್ಲಿ ಮೂರನೇ ಸರದಿಯಲ್ಲಿ ಆಯ್ಕೆಯಾಗಿ 2024ರಲ್ಲಿ ಮೇಲೆ ಬಂದ.

ನನ್ನ ಊರಿನ ತಂಡ ಈಗ ಸೋಲುತ್ತಿದೆ. ಏನು ನೋಡಬೇಕು?

ಗೆಲುವಿನ ಪಟ್ಟಿ ಪಕ್ಕಕ್ಕಿಡಿ. ಐದನೇ, ಏಳನೇ ಸುತ್ತಿನ ಹುಡುಗರು ಡಬಲ್ ಎ ತಲುಪುತ್ತಿದ್ದಾರಾ ನೋಡಿ. ದೊಡ್ಡ ಹೆಸರಿನವರು ಯಾರೇ ಆದರೂ ತರಬಲ್ಲರು, ಇವರನ್ನು ಮೇಲೆ ತರುವುದು ಕೋಚ್‌ಗಳ ಕೆಲಸ. ಸಾಧ್ಯವಾದರೆ ಹತ್ತಿರದ ಮೈನರ್ ಲೀಗ್ ಮೈದಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಬೇಲಿ ಪಕ್ಕ ನಿಲ್ಲಿಸಿ. 2017ರ ನವೆಂಬರ್ 1ರ ರಾತ್ರಿ, ಲಾಸ್ ಏಂಜಲಿಸ್‌ನಲ್ಲಿ, ಕೊನೆಯ ಚೆಂಡು ಉರುಳಿ ಬಂದದ್ದು ಅಲ್ಟುವೆ ಕಡೆಗೆ. ಅವನು ಮುಂಗಾಲಿನ ಮೇಲೆ ಬಾಗಿ ನಿಂತಿದ್ದ, ಖಾಲಿ ಸ್ಟೇಡಿಯಂನಲ್ಲಿ ನಿಲ್ಲುತ್ತಿದ್ದ ಹಾಗೇ. ಹಿಡಿದು ಮೊದಲ ಬೇಸ್‌ಗೆ ಎಸೆದ.